ಆಡಾಸಿಟಿಯಲ್ಲಿ (ಸದ್ದು ರೆಕಾರ್ಡ್ ಮಾಡುವ ಪ್ರೋಗ್ರಾಂ) ರೆಕಾರ್ಡ್ ಆಗುತ್ತದೆ, ದನಿ ಮಾತ್ರ ಕೇಳಿಸುವುದಿಲ್ಲ. ಏನು ಮಾಡಲಿ?

ವಿಂಡೋಸ್ 11ರಲ್ಲಿ ನಿಮ್ಮ ಯುಎಸ್‌ಬಿ ಹೆಡ್‌ಸೆಟ್ ಬ್ರೌಸರ್‌ನ ವಿಡಿಯೋ ಕಾಲ್‌ಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆಡಾಸಿಟಿಯಲ್ಲಿ ಮಾತ್ರ ಸದ್ದಿಲ್ಲ ಅಂದಿರಿ. ಹಾಗಿದ್ದರೆ ಮೈಕ್ ಹಾಳಾಗಿಲ್ಲ. ಸುಮ್ನೆ ಹೊಸದು ಕೊಳ್ಳಬೇಡಿ.

ಮೊದಲು ಪರದೆಯ ಮೇಲೆ ಮೂಡಿದ ಗೆರೆ ನೋಡಿ. ಅದರಲ್ಲಿ ಏರಿಳಿತ ಇದ್ದೂ ಕೇಳಿಸದಿದ್ದರೆ ರೆಕಾರ್ಡಿಂಗ್ ಸರಿಯಾಗಿದೆ, ಪ್ಲೇಬ್ಯಾಕ್ ಡಿವೈಸ್ (ಸದ್ದು ಹೊರಬರುವ ಸ್ಪೀಕರ್ ಅಥವಾ ಹೆಡ್‌ಸೆಟ್) ಬದಲಿಸಿದರೆ ಸಾಕು. ಗೆರೆ ನೂಲು ಹಿಡಿದ ಹಾಗೆ ನೇರವಾಗಿದ್ದರೆ, ಪೂರ್ತಿ ಸೆಲೆಕ್ಟ್ ಮಾಡಿ ಸದ್ದು ಹೆಚ್ಚಿಸುವ ‘ಆಂಪ್ಲಿಫೈ’ ಎಫೆಕ್ಟ್ ಕೊಟ್ಟು ನೋಡಿ. ಸದ್ದೇ ಇಲ್ಲದ ಕೋಣೆಯಲ್ಲೂ ಮೈಕ್ ಸಾಮಾನ್ಯವಾಗಿ ಸಣ್ಣಗೆ ‘ಸ್ಸ್’ ಅನ್ನುತ್ತಿರುತ್ತದೆ. ಅದು ಎದ್ದು ಬಂದರೆ ಯಾವುದೋ ಮೈಕ್ ತೆರೆದಿದೆ, ಆದರೆ ಲೆವೆಲ್ ತೀರಾ ಕಡಿಮೆ ಅಥವಾ ಅದು ನಿಮ್ಮ ಹೆಡ್‌ಸೆಟ್ಟಿನ ಮೈಕೇ ಅಲ್ಲ. ಏನೂ ಬರದಿದ್ದರೆ ಪ್ರೋಗ್ರಾಂಗೆ ಬರೀ ಸೊನ್ನೆಗಳು ತಲುಪುತ್ತಿವೆ, ಅಂದರೆ ಮೈಕ್‌ನ ಸದ್ದು ಅಲ್ಲಿಗೆ ಬರುತ್ತಲೇ ಇಲ್ಲ.

ನನಗೆ ಅನುಮಾನ ಇರುವುದು ಡಿವೈಸ್ ಆಯ್ಕೆಯ ಮೇಲೆ. ಆಡಾಸಿಟಿ ಮೈಕ್‌ಗಳ ಪಟ್ಟಿ ಮಾಡಿಕೊಳ್ಳುವುದು ತೆರೆಯುವಾಗ. ಆಮೇಲೆ ಹೆಡ್‌ಸೆಟ್ ಚುಚ್ಚಿದರೆ ಅದು ಪಟ್ಟಿಯಲ್ಲೇ ಇರುವುದಿಲ್ಲ. ‘ಟ್ರಾನ್ಸ್‌ಪೋರ್ಟ್’ ಮೆನುವಿನಲ್ಲಿ ‘ರೀಸ್ಕ್ಯಾನ್ ಆಡಿಯೋ ಡಿವೈಸಸ್’ ಒತ್ತಿ, ನಂತರ ‘ಆಡಿಯೋ ಸೆಟಪ್’ನಲ್ಲಿ ರೆಕಾರ್ಡಿಂಗ್ ಡಿವೈಸ್ ಆರಿಸಿ. ಅಲ್ಲೇ ‘ಹೋಸ್ಟ್’ ಅಂತಲೂ ಇರುತ್ತದೆ, ಅಂದರೆ ಆಡಾಸಿಟಿ ವಿಂಡೋಸ್‌ನಿಂದ ಸದ್ದು ಪಡೆಯುವ ದಾರಿ. ಅದು ‘ಎಂಎಂಇ’ (MME) ಆಗಿದ್ದರೆ ಹೆಸರುಗಳು 31 ಅಕ್ಷರಕ್ಕೆ ತುಂಡಾಗಿ ಕಾಣುತ್ತವೆ, ಗಾಬರಿ ಬೇಡ. ‘ವಸಾಪಿ’ (WASAPI) ಹೋಸ್ಟ್‌ನಲ್ಲಿ ಹೆಸರಿನ ಕೊನೆಗೆ ‘ಲೂಪ್‌ಬ್ಯಾಕ್’ ಅಂತಿರುವುದನ್ನು ಮಾತ್ರ ಆರಿಸಬೇಡಿ. ಅದು ಕಂಪ್ಯೂಟರ್ ನುಡಿಸುವ ಸದ್ದನ್ನು ಹಿಡಿಯುತ್ತದೆ, ನಿಮ್ಮ ಮಾತನ್ನಲ್ಲ. ಏನೂ ನುಡಿಯದಿದ್ದರೆ ಅಲ್ಲಿ ಮೌನವೇ ಅಲ್ವಾ?

ಅನುಮತಿಯನ್ನೂ ಒಮ್ಮೆ ನೋಡಿಬಿಡಿ. ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯೂರಿಟಿ, ಮೈಕ್ರೋಫೋನ್. ಅಲ್ಲಿ ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆಂದೇ ಬೇರೆ ಸ್ವಿಚ್ ಇದೆ. ಆಡಾಸಿಟಿಗೆ ಬೇಕಾದದ್ದು ಅದೇ. ಕ್ರೋಮ್, ಫೈರ್‌ಫಾಕ್ಸ್ ಕೂಡ ಅದೇ ಗುಂಪಿನವು, ನಿಮ್ಮ ಕಾಲ್‌ಗಳು ನಡೆಯುತ್ತಿರುವುದರಿಂದ ಅದು ಆನ್ ಇರುವ ಸಾಧ್ಯತೆಯೇ ಜಾಸ್ತಿ. ಬ್ರೌಸರ್ ಬಿಟ್ಟು ಸ್ಟೋರ್‌ನಿಂದ ಹಾಕಿಕೊಂಡ ಆ್ಯಪ್‌ನಲ್ಲಿ ಮಾತಾಡುತ್ತಿದ್ದರೆ ಈ ಲೆಕ್ಕ ನಡೆಯುವುದಿಲ್ಲ.

ಇಷ್ಟಾದ ಮೇಲೆ ಆಡಾಸಿಟಿಯ ರೆಕಾರ್ಡಿಂಗ್ ಮೀಟರ್‌ನಲ್ಲಿ ಮಾನಿಟರಿಂಗ್ ಶುರು ಮಾಡಿ ಮಾತಾಡಿ. ಮೀಟರ್‌ನ ಬಣ್ಣದ ಪಟ್ಟಿ ಕುಣಿಯಬೇಕು. ಕುಣಿಯದಿದ್ದರೆ ಹೋಸ್ಟ್ ಯಾವುದು, ಡಿವೈಸ್ ಹೆಸರು ಏನು ಕಾಣುತ್ತಿದೆ ಬರೆಯಿರಿ, ಮುಂದೆ ನೋಡೋಣ.