ಹಳೆಯ ಒಂಟಿ ಗುಂಡಿನ ರೈಫಲ್ ಎಷ್ಟು ಒತ್ತಡ ತಾಳುತ್ತದೆ?

ಹಾವೇರಿಯ ರೈತರೊಬ್ಬರ ಪ್ರಶ್ನೆ: ಅಜ್ಜನ ಕಾಲದ, ಲೈಸೆನ್ಸ್ ಇರುವ ಒಂಟಿ ಗುಂಡಿನ ರೈಫಲ್‌ನಲ್ಲಿ ಹೊಸ ಕಾಡತೂಸು ಸರಿಯಾಗಿ ಕೂರುತ್ತದೆ, ಹಾರಿಸಬಹುದೇ?

ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ದಯವಿಟ್ಟು ಹಾರಿಸಬೇಡಿ. ಮದ್ದು ಉರಿದಾಗ ಏಳುವ ಅನಿಲದ ಒತ್ತಡವನ್ನು ತಡೆಯುವುದು ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿ ಮತ್ತು ಅದರ ಉಕ್ಕು. .45-70 ಕಾಡತೂಸನ್ನೇ ನೋಡಿ. ಕಪ್ಪು ಮದ್ದಿನ ಕಾಲದಲ್ಲಿ, 1873ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗೆಂದು ಹುಟ್ಟಿದ ಇದಕ್ಕೆ ಅಮೆರಿಕದ ಉದ್ಯಮ ಮಾನದಂಡದ ಒತ್ತಡದ ಮಿತಿ ಇಂದಿಗೂ ಚದರ ಇಂಚಿಗೆ 28,000 ಪೌಂಡ್ ಮಾತ್ರ. ಆಧುನಿಕ .308 ವಿಂಚೆಸ್ಟರ್ ಕಾಡತೂಸಿಗೆ 62,000! ಅಪಾಯ ಇರುವುದು ಇಲ್ಲಿ: ರೂಗರ್ ನಂ. 1ರಂಥ ಗಟ್ಟಿ ರೈಫಲ್‌ಗಳಿಗೆಂದು ಹೆಚ್ಚು ಒತ್ತಡದ .45-70 ಕೂಡ ತಯಾರಾಗುತ್ತದೆ. ಹೊರಗಿನ ಆಕಾರ ಒಂದೇ. ಹಳೆಯ ರೈಫಲ್‌ನಲ್ಲಿ ಅದನ್ನು ಹಾರಿಸಿದರೆ ಅಗುಳಿ ಒಡೆದು ಮುಖಕ್ಕೇ ಬಡಿಯಬಹುದು.

ಬೆಳೆ ಕಾಯುವ 12 ಬೋರಿನ ಬಂದೂಕಿಗೂ ಇದೇ ಎಚ್ಚರ ಬೇಕು. ಕಾಡತೂಸು ಕೂರುವ ಕೋಣೆ 65 ಮಿ.ಮೀ. ಇದ್ದು, ಅದಕ್ಕೆ 70 ಮಿ.ಮೀ. ಕಾಡತೂಸು ಹಾಕಿದರೆ ಅದರ ಬಾಯಿ ಪೂರ್ತಿ ತೆರೆಯಲು ಜಾಗವಿಲ್ಲದೆ ಒತ್ತಡ ಏರುತ್ತದೆ.

ಮೊದಲು ಪರವಾನಗಿ ಪಡೆದ ಬಂದೂಕು ದುರಸ್ತಿಗಾರರಿಂದ ನಳಿಗೆಯ ಬುಡದ ಪರೀಕ್ಷಾ ಮುದ್ರೆ (ಒತ್ತಡ ತಾಳುತ್ತದೆಯೇ ಎಂದು ಪರೀಕ್ಷಿಸಿ ಒತ್ತಿದ ಗುರುತು) ಓದಿಸಿ, ಕೋಣೆಯನ್ನು ಅಳೆಯಿಸಿ. ಮುದ್ರೆಯೇ ಅಳಿಸಿಹೋಗಿದ್ದರೆ ಆ ರೈಫಲ್‌ಗೆ ಕಾಡತೂಸು ಹಾಕಲೇಬೇಡಿ.