ನೀರು ರಾಜ್ಯದ್ದಾದರೆ ದೆಹಲಿಯ ಮಾತೇಕೆ?

ಪ್ರಶ್ನೆ: ನೀರಾವರಿ ರಾಜ್ಯದ ವಿಷಯ ಎಂದು ನನ್ನ ಮಗಳ ಪಠ್ಯಪುಸ್ತಕದಲ್ಲಿದೆ. ಭದ್ರೆಯ ನೀರನ್ನು ನಮ್ಮ ಬರದ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆ ಎಂದೊಡನೆ ನಮ್ಮ ನಾಯಕರು ದೆಹಲಿಯತ್ತ ಕೈ ತೋರಿಸುತ್ತಾರೆ. ಯಾವುದು ನಿಜ?
– ಶೇಂಗಾ ಬೆಳೆಗಾರ, ಚಳ್ಳಕೆರೆ ತಾಲ್ಲೂಕು

ಉತ್ತರ: ಪುಸ್ತಕ ಸುಳ್ಳು ಹೇಳಿಲ್ಲ, ಅರ್ಧ ಹೇಳಿದೆ. ಕೇಂದ್ರ, ರಾಜ್ಯಗಳಿಗೆ ಅಧಿಕಾರ ಹಂಚುವ ಸಂವಿಧಾನದ ಏಳನೇ ಅನುಸೂಚಿಯಲ್ಲಿ ರಾಜ್ಯಪಟ್ಟಿಯ 17ನೇ ನಮೂದು ನೀರು, ನಾಲೆ, ಜಲಾಶಯಗಳನ್ನು ರಾಜ್ಯಕ್ಕೆ ಕೊಡುತ್ತದೆ. ಆದರೆ ಆ ಸಾಲಿನ ಬಾಲದಲ್ಲಿ, ಇದೆಲ್ಲ ಕೇಂದ್ರಪಟ್ಟಿಯ 56ನೇ ನಮೂದಿಗೆ ಒಳಪಟ್ಟದ್ದು ಎಂದಿದೆ. ಅಂತರರಾಜ್ಯ ನದಿಗಳ ನಿಯಂತ್ರಣ ಇರುವುದು ಅಲ್ಲಿ. ಚಿತ್ರದುರ್ಗದಲ್ಲಿ ಮೂವತ್ತು ವರ್ಷ ರಾಜ್ಯಶಾಸ್ತ್ರ ಕಲಿಸಿದ ನಾನು ಆ ಬಾಲದ ಕೆಳಗೆ ಎರಡು ಗೆರೆ ಎಳೆಯದೆ ಪಾಠ ಮುಗಿಸಿದ್ದಿಲ್ಲ.

ತುಂಗೆ, ಭದ್ರೆ ಕೂಡಲಿಯಲ್ಲಿ ಒಂದಾಗಿ ಮುಂದೆ ಕೃಷ್ಣೆಗೆ ಸೇರುತ್ತವೆ. ನಮ್ಮ ವೇದಾವತಿಯೂ ಆಂಧ್ರ ಹೊಕ್ಕು ತುಂಗಭದ್ರೆಯನ್ನು ಕೂಡುತ್ತದೆ. ಇಲ್ಲಿ ಎತ್ತಿದ ನೀರಿಗೆ ಕೆಳಗಿನವರು ಲೆಕ್ಕ ಕೇಳುತ್ತಾರೆ. ವಿವಾದವಾದರೆ 1956ರ ಅಂತರರಾಜ್ಯ ಜಲವಿವಾದ ಕಾಯಿದೆಯಂತೆ ನ್ಯಾಯಮಂಡಳಿಯ ಮುಂದೆ ನಿಲ್ಲಬೇಕು. ಈ ಕಟ್ಟು ಇಂದಿನದಲ್ಲ. ಮದ್ರಾಸಿನ ಒಪ್ಪಿಗೆಯಿಲ್ಲದೆ ತುಂಗೆ, ಭದ್ರೆ, ವೇದಾವತಿಗಳಿಗೆ ಹೊಸ ಜಲಾಶಯ ಕಟ್ಟುವುದಿಲ್ಲ ಎಂದು ಮೈಸೂರು ಸಂಸ್ಥಾನ 1892ರಲ್ಲೇ ಒಪ್ಪಂದಕ್ಕೆ ಕಟ್ಟುಬಿದ್ದಿತ್ತು.

ಕಾಡಿನ ಮಾತು ಚಿಕ್ಕದು. 1976ರ 42ನೇ ತಿದ್ದುಪಡಿ ಅರಣ್ಯವನ್ನು ರಾಜ್ಯಪಟ್ಟಿಯಿಂದ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಒಯ್ದಿತು. ನಾಲೆ ಅರಣ್ಯಭೂಮಿಯನ್ನು ಹಾದುಹೋಗಬೇಕಾದರೆ ಕೇಂದ್ರದ ಅನುಮತಿ ಬೇಕೇ ಬೇಕು.

ನನಗೆ ಸಂಕಟವಾಗುವುದು ಹಣದ ವಿಷಯದಲ್ಲಿ. ಈ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಎಂದು 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಯಿತು. ಇಂಥ ನೆರವು ಕೊಡಲೇಬೇಕೆಂದು ಯಾವ ಪಟ್ಟಿಯೂ ಹೇಳುವುದಿಲ್ಲ, ನಿಜ. ಆದರೆ ಸಂಸತ್ತಿನಲ್ಲಿ ನಿಂತು ಬರದ ಸೀಮೆಗೆ ಕೊಟ್ಟ ಮಾತು ಅದು. ಅದಕ್ಕಾಗಿ ರಾಜ್ಯ ಮತ್ತೆ ಮತ್ತೆ ದೆಹಲಿಗೆ ಅಲೆಯುವಂತಾದದ್ದು ತಪ್ಪು. 1933ರ ನಂತರ 2022ರಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಜಲಾಶಯ ಕೋಡಿ ಬಿದ್ದಾಗ ಅಲ್ಲಿಗೆ ಹೋಗಿದ್ದೆ. ಮುದುಕಿಯೊಬ್ಬರು ಹರಿಯುವ ನೀರನ್ನು ಬೊಗಸೆಯಲ್ಲಿ ಹಿಡಿದು, ಕುಡಿಯದೆ, ಚೆಲ್ಲದೆ ಬಹಳ ಹೊತ್ತು ಹಾಗೆಯೇ ನಿಂತಿದ್ದರು. ನಮ್ಮ ಜಿಲ್ಲೆಗೆ ನೀರೆಂದರೆ ಅದು.

ಹಾಗೆಂದು ಬೆಂಗಳೂರಿಗೆ ವಿನಾಯಿತಿ ಕೊಡಬೇಡಿ. ಜಮೀನು ಕಳೆದುಕೊಂಡವರಿಗೆ ಪರಿಹಾರ ಮುಟ್ಟಿಸುವುದು, ಹೊಲಗಾಲುವೆ ತೋಡಿಸುವುದು, ಕೆರೆ ತುಂಬಿಸುವುದು ರಾಜ್ಯದ ಕೆಲಸ. 5,300 ಕೋಟಿಯ ಪ್ರಶ್ನೆಯನ್ನು ಸಂಸದರ ಮುಂದಿಡಿ. ಶಾಸಕರು ಬಂದಾಗ ನಿಮ್ಮೂರಿನ ಕೆರೆಯ ಹೆಸರು ಹಿಡಿದು, ಅದಕ್ಕೆ ನೀರು ಯಾವ ವರ್ಷ ಬರುತ್ತದೆ ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.