ಉದ್ದಕ್ಕೆ ಎಳೆದುಕೊಂಡ ಎಚೆವೇರಿಯಾ
ನಿಮ್ಮ ಎಚೆವೇರಿಯಾದ (ಗುಲಾಬಿ ಹೂವಿನಂತೆ ಜೋಡಿಸಿಕೊಂಡ ದಪ್ಪ ಎಲೆಗಳ ಗಿಡ) ಕಾಂಡ ಕಿಟಕಿ ಕಡೆ ವಾಲಿ, ಎಲೆಗಳ ನಡುವೆ ಅಂತರ ಬಿದ್ದಿದೆ ಅಂದಿರಲ್ಲ, ಅದು ಗೊಬ್ಬರದ ಕೊರತೆಯಲ್ಲ, ಬೆಳಕು ಸಾಲುತ್ತಿಲ್ಲ. ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಎದುರು ಬಿಲ್ಡಿಂಗ್ ಅಡ್ಡ ಇರುವಾಗ ಟೀಪಾಯಿ ಮೇಲೆ ಇಟ್ಟರೆ ಹೀಗೇ.

ಪೂರ್ವದ ಕಿಟಕಿ ಗ್ರಿಲ್‌ನಲ್ಲಿಡಿ. ಮೊದಲ 3 ದಿನ ಬೆಳಗಿನ ಬಿಸಿಲು 1 ಗಂಟೆ ಸಾಕು. ಆಮೇಲೆ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಏರಿಸುತ್ತಾ 4 ಗಂಟೆಗೆ ತನ್ನಿ. ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆ ಮೇಲೆ ಬಿಳಿಚಿದ ಕಲೆ ಬಿದ್ದು ಕಂದಾಗುತ್ತೆ, ಆ ಕಲೆ ಹೋಗಲ್ಲ. ಪಶ್ಚಿಮದ ಗ್ರಿಲ್ ಮಾತ್ರ ಇದ್ದರೆ ಏಪ್ರಿಲ್-ಮೇನಲ್ಲಿ ಹಸಿರು ನೆಟ್ ಕಟ್ಟಿ.

ಉದ್ದವಾದ ಕಾಂಡ ಮತ್ತೆ ಕುಗ್ಗಲ್ಲ. ತುದಿ ಕತ್ತರಿಸಿ, ನಾಲ್ಕೈದು ದಿನ ನೆರಳಲ್ಲಿ ಗಾಯ ಒಣಗಿಸಿ ನೆಡಿ. ಮಳೆಗಾಲದಲ್ಲಿ ಬೇಡ, ಕೊಳೆಯುತ್ತೆ.

ಫೋಟೊ ಇಲ್ಲದ್ದರಿಂದ ಎಚೆವೇರಿಯಾ ಅಂದುಕೊಂಡು ಹೇಳಿದೆ. ಇದೇ ತರ ದಪ್ಪ ಎಲೆಯ ಹಾವೊರ್ಥಿಯಾ ಗಿಡ ಆಗಿದ್ದರೆ ಇಷ್ಟು ಬಿಸಿಲು ಕೊಡಬೇಡಿ.